ಎಲ್ಲರಿಗೂ ಹೋದ ಒಂದು ಸಾಲು

ನಮ್ಮೂರಿನ ಇತಿಹಾಸವನ್ನು ಯಾರಾದರೂ ಬರೆದರೆ ಅದರಲ್ಲಿ ನನಗೊಂದು ಅಧ್ಯಾಯ ಇರಲೇಬೇಕು ಎಂದು ಆ ಬೆಳಿಗ್ಗೆ ನಾನು ತೀರ್ಮಾನಿಸಿದೆ. ಅಧ್ಯಾಯವೇನೋ ಸಿಕ್ಕಿದೆ. ಆದರೆ ಅದನ್ನು ಮಕ್ಕಳ ಮುಂದೆ ಗಟ್ಟಿಯಾಗಿ ಓದುವ ಹಾಗಿಲ್ಲ!

ಓಹಾಕಾ ಪ್ರಾಂತ್ಯದ ಈ ಬೆಟ್ಟಗಳಿಗೆ ದೊಡ್ಡ ಫೋನ್ ಕಂಪನಿಗಳು ಬರಲೊಲ್ಲವು. ನಾಲ್ಕು ಮನೆಯ ಊರಿಗೆ ಟವರ್ ಬೇರೆ ಕೇಡು ಎಂಬುದು ಅವುಗಳ ಲೆಕ್ಕ. ಅದಕ್ಕೇ ಊರೆಲ್ಲ ಸೇರಿ ಕಲ್ಲು ಮರಳು ಹೊತ್ತು ಚಾವಡಿಯ ತಾರಸಿ ಮೇಲೆ ನಮ್ಮದೇ ಟವರ್ ನಿಲ್ಲಿಸಿಕೊಂಡೆವು. ಈ ವರ್ಷ ಅದನ್ನು ನೋಡಿಕೊಳ್ಳುವ ಚಾಕರಿಯನ್ನು ಊರ ಸಭೆ ನನ್ನ ಹೆಗಲಿಗೆ ಹಾಕಿತು. ಸಂಬಳ ಇಲ್ಲ. ಒಲ್ಲೆ ಅಂದವರಿಗೆ ಚಾವಡಿಯ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ ಉಂಟು. ಆದ್ದರಿಂದ ನಾನು ಬಹಳ ಸಂತೋಷದಿಂದ ಒಪ್ಪಿಕೊಂಡೆ.

ಟವರ್‌ನ ಕಂಪ್ಯೂಟರ್ ಮುಂದೆ ಕೂತು ಕಪ್ಪು ಪರದೆಯ ಮೇಲೆ ಒಂದು ಸಾಲು ಆಜ್ಞೆ ಬರೆದರೆ ಸಾಕು, ಮೆಸೇಜು ಬೇಕಾದವರಿಗೆ ಹೋಗುತ್ತಿತ್ತು. ಆ ಅಧಿಕಾರ ನನ್ನೊಬ್ಬನಿಗೇ ಇತ್ತು. ಇದು ಅನ್ಯಾಯ ಅನ್ನಿಸಿತು. ಪ್ರಜೆಗಳಿಗೆ ಕಿರೀಟ ಹಂಚುವ ಮಹಾರಾಜನ ಹಾಗೆ, ಊರಿನ ಪ್ರತಿಯೊಬ್ಬರೂ ತಮ್ಮ ತಮ್ಮ ಫೋನಿನಿಂದಲೇ ಯಂತ್ರಕ್ಕೆ ಆಜ್ಞೆ ಕೊಡುವಂತೆ ಮಾಡಿಬಿಟ್ಟೆ. 'ಕಳಿಸು' ಎಂದು ಬರೆದು, ಯಾರಿಗೆ ಅಂತ ಹೆಸರು ಬರೆದು, ಆಮೇಲೆ ವಿಷಯ ಬರೆಯಬೇಕು, ಅಷ್ಟೆ. ನಂಬರ್ ನೆನಪಿಡುವ ಗೋಳೇ ಇಲ್ಲ. ಮಗನಿಗೆ, ಸೊಸೆಗೆ, ಮೇಕೆ ಕಾಯುವವನಿಗೆ ಒಂದೇ ಸಾಲಿನಲ್ಲಿ ಬೈಯಬಹುದು!

ಹೆಂಡತಿ ಒತಿಲಿಯಾ ಒರಳುಕಲ್ಲಿನ ಮುಂದೆ ಒಣಮೆಣಸಿನಕಾಯಿ ಅರೆಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಈ ಕ್ರಾಂತಿಯನ್ನು ವಿವರಿಸಿದೆ. ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ಹೆಸರು ಬರಿಯೋದು ಮರೆತರೆ?"

"ಮೆಸೇಜು ದಂಡ ಆಗಬಾರದಲ್ಲ? ಹೆಸರು ಸಿಗದಿದ್ರೆ ಊರಿಗೆಲ್ಲ ಹೋಗೋ ಹಾಗೆ ಮಾಡಿದೀನಿ."

"ಯಾರಿಗೆ ಅಂತ ಒಂದು ಮಾತು ಕೇಳಬಾರದಾ ಅದು?"

"ಯಂತ್ರಕ್ಕೆ ಬಾಯಿಲ್ಲ ಕಣೇ."

"ನಿಮಗಿದೆಯಲ್ಲ ರೀ, ಅದರಲ್ಲಿ ಅರ್ಧ ಕೊಡಿ."

ಇಂಥ ಮಾತು ಕೇಳಲು ಜ್ಞಾನಿಗಳು ನಿಲ್ಲುವುದಿಲ್ಲ. ನಾನೂ ಅಂಗಳಕ್ಕೆ ನಡೆದೆ.

ಇಲ್ಲಿ ನಮ್ಮೂರಿನ ಒಂದು ಪದ್ಧತಿ ಹೇಳಬೇಕು. ಆ ದಿನ ಸಂಜೆಯೇ ಸಭೆ ಇತ್ತು. ಮುಂದಿನ ವರ್ಷ ಸಂತ ಬರ್ತೊಲೊ ಹಬ್ಬದ ಯಜಮಾನಿಕೆ ಯಾರದು ಎಂದು ಅಲ್ಲಿ ತೀರ್ಮಾನವಾಗಬೇಕು. ಯಜಮಾನಿಕೆ ಬೇಕಾದವನು ಬಾಯಿಬಿಟ್ಟು ಕೇಳುವುದಿಲ್ಲ. ಸಭೆಗೆ ಮುಂಚೆ ಊರಿಗೆ ಊರನ್ನೇ ಮನೆಗೆ ಕರೆದು ಒಣಮೆಣಸಿನಕಾಯಿ ಅರೆದು ಕುದಿಸಿದ ಮೋಲೆ ಸಾರಿನ ಊಟ ಹಾಕುತ್ತಾನೆ. ಊರ ಅಧ್ಯಕ್ಷರು ಉಂಡು ಕೈತೊಳೆದು ಅವನ ಕೊರಳಿಗೆ ಸಂತನ ಹೂಮಾಲೆ ಹಾಕುತ್ತಾರೆ. ಅಲ್ಲಿಗೆ ಮುಗಿಯಿತು. ವಾದ್ಯದವರು, ಬಾಣಬಿರುಸು, ದಿನಗಟ್ಟಲೆ ಊಟ, ಎಲ್ಲ ಅವನ ತಲೆಗೆ. ಹಿಂದಿನ ಯಜಮಾನ ಎತ್ತು ಮಾರಿಕೊಂಡು ಈಗ ಎತ್ತಿನ ಜಾಗದಲ್ಲಿ ತಾನೇ ನಡೆಯುತ್ತಿದ್ದಾನೆ. ಆಮೇಲೆ ಯಾರೂ ಮುಂದೆ ಬಂದಿಲ್ಲ. ಸಭೆ ಹತ್ತಿರ ಬಂತೆಂದರೆ ನಮ್ಮೂರಲ್ಲಿ ಕೋಳಿ ಕೊಯ್ಯುವುದಕ್ಕೂ ಜನ ಹೆದರುತ್ತಾರೆ.

ನಮ್ಮ ಮನೆಯಲ್ಲೂ ಒಂದು ಜೊತೆ ಎತ್ತು ಇದೆ. ಕನೇಲೊ, ಲುಸೇರೊ. ತಾಯಿ ಸತ್ತ ಆ ಕರುಗಳಿಗೆ ಒತಿಲಿಯಾ ಜೋಳದ ಗಂಜಿ ಕುಡಿಸಿ ಸಾಕಿದ್ದಳು. ಅವುಗಳ ಮೇಲೆ ಕೈಮಾಡಿದರೆ ಅವಳು ನನ್ನ ಮೇಲೆ ಕೈಮಾಡುತ್ತಾಳೆ.

ಇಷ್ಟೆಲ್ಲ ಗೊತ್ತಿದ್ದೂ ನನಗೆ ಆ ದಿನವೇ ಹಿಗ್ಗು ತಡೆಯಲಾಗಲಿಲ್ಲ. ಟರ್ಕಿ ಕೋಳಿ ಒಲೆಯ ಮೇಲಿತ್ತು. ಚರ್ಚಿನಲ್ಲಿ ನನ್ನ ಮಗಳಿಗೆ ಜ್ಞಾನಪಿತನಾಗಿ ನಿಂತ ಫಿದೆನ್ಸಿಯೊನ ಮನೆಯವರನ್ನು ಮಾತ್ರ ಕರೆದು ನನ್ನ ಸಾಧನೆ ಆಚರಿಸೋಣ, ಒಂದು ಮನೆ ಉಂಡರೆ ಯಾರೇನು ಅಂದಾರು ಎಂದುಕೊಂಡೆ. ಅಂಗಳದಲ್ಲಿ ನಿಂತು, ಮೋಲೆಯ ಘಮಕ್ಕೆ ಮೂಗೊಡ್ಡಿಕೊಂಡು ಫೋನಿನಲ್ಲಿ ಬರೆದೆ: 'ಕಳಿಸು ಮಧ್ಯಾಹ್ನ ಮನೆಮಂದಿಯನ್ನೆಲ್ಲ ಕರೆದುಕೊಂಡು ಊಟಕ್ಕೆ ಬನ್ನಿ. ಮೋಲೆ, ಟರ್ಕಿ ಕೋಳಿ. ಕುಡಿಯೋಕೆ ಮೆಸ್ಕಾಲ್‌ಗೆ ಬರವಿಲ್ಲ. ಇಂತಿ ಆದೆಲ್ಫೊ.'

ಒತ್ತಿದೆ. ಫೋನನ್ನು ಜೇಬಿಗೆ ಹಾಕಿಕೊಂಡ ಮರುಕ್ಷಣವೇ ಅದು ಟಿಂಗ್ ಅಂದಿತು. ತೆಗೆದು ನೋಡಿದರೆ, ನನ್ನನ್ನು ಊಟಕ್ಕೆ ಕರೆದದ್ದು ನಾನೇ!

ಫಿದೆನ್ಸಿಯೊನ ಹೆಸರು ಬರೆದಿರಲಿಲ್ಲ.

ಪಕ್ಕದ ಮನೆಯಲ್ಲಿ ಟಿಂಗ್. ಅದರ ಮೇಲಿನ ಮನೆಯಲ್ಲಿ ಟಿಂಗ್. ಶಬ್ದ ಒಂದೊಂದೇ ಮನೆ ಹತ್ತಿಕೊಂಡು ಚರ್ಚಿನವರೆಗೂ ಹೋಯಿತು. ತಕ್ಷಣ ಇನ್ನೊಂದು ಆಜ್ಞೆ ಬರೆದೆ, ತಪ್ಪಾಗಿದೆ, ನನಗೆ ಆ ಯೋಗ್ಯತೆಯಿಲ್ಲ, ಯಾರೂ ಬರಬೇಡಿ ಎಂದು. ಅದೂ ಊರಿಗೆಲ್ಲ ಹೋಯಿತು.

ಮೊದಲು ಬಂದವಳು ಸತುರ್ನಿನಾ ಅಜ್ಜಿ. ಒಂದು ಕೈಯಲ್ಲಿ ಮೇಣದಬತ್ತಿ, ಇನ್ನೊಂದರಲ್ಲಿ ಮೊಟ್ಟೆ ಬುಟ್ಟಿ. ನನ್ನ ಕೈ ಹಿಡಿದುಕೊಂಡು ಅತ್ತೇಬಿಟ್ಟಳು.

"ಹಬ್ಬ ನೋಡದೇ ಸತ್ತೋಗ್ತೀನಿ ಅಂದ್ಕೊಂಡಿದ್ದೆ ಕಣಪ್ಪಾ. ಸಂತ ನಿನ್ನ ಕಣ್ಣು ತೆರೆಸಿದ."

"ಅಜ್ಜಿ, ಎರಡನೇ ಮೆಸೇಜು ನೋಡಲಿಲ್ವಾ?"

"ನೋಡಿದ್ನಪ್ಪ. ಯೋಗ್ಯತೆ ಇಲ್ಲ ಅಂತ ಬರ್ದಿದ್ದೆ. ಹಿಂದಿನೋರೂ ಹಾಗೇ ಅಂತಿದ್ರು. ಒಂದು ಸಲ ಒಲ್ಲೆ ಅನ್ನೋದೇ ಮರ್ಯಾದೆ."

ಹೌದು, ಅದೂ ಪದ್ಧತಿ! ನನ್ನ ಕುಣಿಕೆಯನ್ನು ನಾನೇ ಎರಡನೇ ಸಲ ಬಿಗಿದುಕೊಂಡಿದ್ದೆ.

ಆಮೇಲೆ ಬಂದವರಿಗೆ ಲೆಕ್ಕವಿಲ್ಲ. ಹೆಂಗಸರು ಜೋಳ, ಹುರುಳಿ, ರೊಟ್ಟಿಯ ಗಂಟು ತಂದರು. ವಾದ್ಯದವರು ಬಂದು ಹಂದಿಗೂಡಿನ ಪಕ್ಕ ಕೂತು ಊದತೊಡಗಿದರು. ಅಂಗಳ ತುಂಬಿತೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ಗುಡ್ಡದಾಚೆ ಹೊಲಕ್ಕೆ ಹೋದವರು ಹಿಂತಿರುಗುತ್ತಿದ್ದರು. ಟವರ್ ಕಣ್ಣಿಗೆ ಬಿದ್ದೊಡನೆ ಅವರ ಫೋನು ಟಿಂಗ್. ಯಂತ್ರಕ್ಕೆ ಮರೆವೆಂಬುದಿಲ್ಲ. ಸಿಗದವರ ಮೆಸೇಜನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಯುತ್ತದೆ, ಕಂಡೊಡನೆ ಕೊಡುತ್ತದೆ. ದಿಬ್ಬದ ಮೇಲೆ ಒಂದು ಟೋಪಿ ಕಂಡರೆ ನಾನು ಇನ್ನೊಂದು ತಟ್ಟೆ ಎಣಿಸುತ್ತಿದ್ದೆ. ಇಡೀ ಊರಿನಲ್ಲಿ ಬಾರದವನು ಒಬ್ಬನೇ, ಫಿದೆನ್ಸಿಯೊ. ಅವನ ಫೋನಿನಲ್ಲಿ ಚಾರ್ಜ್ ಇರಲಿಲ್ಲ!

ಇಷ್ಟರ ನಡುವೆ ನಾನು ಅಡುಗೆಮನೆಯ ಕಡೆ ತಲೆಹಾಕಿರಲಿಲ್ಲ. ಊರಿನ ಭಯ ಒಂದು ತೂಕವಾದರೆ ಆ ಭಯ ಇನ್ನೊಂದು ತೂಕ. ಕೊನೆಗೆ ಹೋದೆ. ಒತಿಲಿಯಾ ಸಾರಿಗೆ ನೀರು ಹೊಯ್ಯುತ್ತಿದ್ದಳು. ತಲೆಯೆತ್ತಲಿಲ್ಲ.

"ನಾನು ಹೆಸರು ಬರೆಯೋದು ಮರೆತೆ ಕಣೇ," ಎಂದೆ.

"ಗೊತ್ತಾಯ್ತು. ಮೆಸೇಜು ನನಗೂ ಬಂತು." ಸೌಟು ಇಟ್ಟು ಕಿಟಕಿಯಾಚೆ ನೋಡಿದಳು. ಅಲ್ಲಿ ಯಾರೋ ಆಗಲೇ ಲುಸೇರೊನ ಬಾಯಿ ಬಿಡಿಸಿ ಹಲ್ಲು ಪರೀಕ್ಷೆ ಮಾಡುತ್ತಿದ್ದ. "ಅವನ್ನ ಮಾರಿದ ದಿನ ನಾನು ಈ ಮನೇಲಿ ಇರಲ್ಲ, ರೀ."

ಅವಳು ಕೂಗಾಡಿದ್ದರೆ ಧೈರ್ಯ ಬರುತ್ತಿತ್ತು. ಮೆಲ್ಲಗೆ ಹೇಳಿದಳು. ನನಗೆ ಅಳು ಬಂತು.

ಹೊರಗೆ ಊರ ಅಧ್ಯಕ್ಷ ದೋನ್ ಮಾಕ್ಲೋವಿಯೊ ಬಂದಾಗಿತ್ತು. ಬೆತ್ತವನ್ನು ಗೋಡೆಗೆ ಒರಗಿಸಿ, ಹೂಮಾಲೆಯನ್ನು ಮಂಡಿಯ ಮೇಲಿಟ್ಟುಕೊಂಡು ಊಟಕ್ಕೆ ಕೂತರು. ಕೋಳಿಯ ಕಾಲು ಅವರ ಪಾಲಿಗೇ ಬಂದಿತ್ತು. ಅದು ಸವೆದಷ್ಟೂ ನನ್ನ ಆಯುಸ್ಸು ಸವೆಯುತ್ತಿತ್ತು. ಎದ್ದು ನಿಂತು ಸತ್ಯ ಹೇಳೋಣವೆಂದರೆ ಎದುರಿಗೇ ಸತುರ್ನಿನಾ ಅಜ್ಜಿಯ ಒದ್ದೆ ಕಣ್ಣು. ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಆಗ ಇಡೀ ಅಂಗಳ ಒಟ್ಟಿಗೇ ಟಿಂಗ್ ಅಂದಿತು.

ಇನ್ನೇನು ಕಳಿಸಿಬಿಟ್ಟೆನಪ್ಪಾ ಎಂದು ಕೈ ನೋಡಿಕೊಂಡೆ. ಕೈ ಖಾಲಿ ಇತ್ತು. ಎಲ್ಲರೂ ಬೆರಳು ನೆಕ್ಕಿಕೊಂಡು ಫೋನು ತೆಗೆದರು. ವಾದ್ಯ ನಿಂತಿತು. ದೋನ್ ಮಾಕ್ಲೋವಿಯೊ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು:

"ನಮ್ಮ ಹೊಲದ ಕಲ್ಲಿನ ಒಡ್ಡು ಕುಸಿದಿದೆ. ನಾಳೆ ಕಟ್ಟೋಕೆ ಮುಯ್ಯಾಳು ಬೇಕು. ಇವತ್ತಿನ ಊಟ ಅದಕ್ಕೆ. ಉಂಡವರು ಗುದ್ದಲಿ ತನ್ನಿ. ಇಂತಿ ಒತಿಲಿಯಾ."

ಅಗಿಯುತ್ತಿದ್ದ ದವಡೆಗಳೆಲ್ಲ ನಿಂತವು. ಮುಯ್ಯಾಳಿನ ಊಟ ಉಂಡವನು ಕೆಲಸಕ್ಕೆ ಒಪ್ಪಿದ ಹಾಗೆ, ಇದೂ ನಮ್ಮಜ್ಜಂದಿರ ಕಾಲದ ಕಟ್ಟಳೆಯೇ. ಒಂದೇ ಊಟಕ್ಕೆ ಎರಡು ಅರ್ಥ ಹಚ್ಚುವಂತಿಲ್ಲ. ಉಂಡದ್ದನ್ನು ಉಗುಳುವಂತೆಯೂ ಇಲ್ಲ. ಅಧ್ಯಕ್ಷರು ಕೈಲಿದ್ದ ಮೂಳೆಯನ್ನೂ ಹೂಮಾಲೆಯನ್ನೂ ಒಂದಾದ ಮೇಲೊಂದು ನೋಡಿದರು. ಆಮೇಲೆ ಭುಜ ಕುಣಿಸುತ್ತ ನಗತೊಡಗಿದರು.

"ನಮ್ಮ ಸಂತನ ಗತಿ ಏನಮ್ಮಾ ಹಾಗಾದ್ರೆ?" ಎಂದಳು ಅಜ್ಜಿ.

ಒತಿಲಿಯಾ ಲಂಗಕ್ಕೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಅಜ್ಜಿ, ಇವತ್ತು ನೀವೆಲ್ಲ ಒಂದೊಂದು ಗಂಟು ತಂದಿದ್ದಕ್ಕೇ ನಮ್ಮ ಮನೆ ತುಂಬಿಹೋಗಿದೆ. ಸಂತನಿಗೂ ಹಾಗೇ ತಂದ್ರೆ ಒಬ್ಬನ ಎತ್ತು ಯಾಕೆ ಹೋಗಬೇಕು?"

ಸಂಜೆ ಸಭೆಯಲ್ಲಿ ಅದೇ ತೀರ್ಮಾನವಾಯಿತು. ಹಬ್ಬ ಊರಿನದು, ಮನೆಗೊಂದು ಪಾತ್ರೆ. ಸತುರ್ನಿನಾ ಅಜ್ಜಿ ಮೊದಲ ಪಾತ್ರೆ ತನ್ನದೆಂದಳು. ನನಗೆ ಮತ್ತೆ ಅಳು ಬಂತು, ಈ ಸಲ ಹಗುರಾಗಿ.

ಹೋದ ಮಳೆಗಾಲಕ್ಕೆ ಕುಸಿದಿದ್ದ ಒಡ್ಡು ಮರುದಿನ ಎದ್ದು ನಿಂತಿತು. ಕನೇಲೊ, ಲುಸೇರೊ ಕೊಟ್ಟಿಗೆಯಲ್ಲೇ ಉಳಿದವು. ಆದರೆ ಮುಯ್ಯಾಳು ಎಂದರೆ ಬಂದವರಿಗೆಲ್ಲ ನಾನು ತಿರುಗಿ ದುಡಿಯಬೇಕು. ಬಂದದ್ದು ಇಡೀ ಊರು! ಎತ್ತುಗಳು ನೆರಳಲ್ಲಿ ಮೆಲುಕು ಹಾಕುತ್ತವೆ, ನಾನು ದಿನಕ್ಕೊಬ್ಬರ ಹೊಲದಲ್ಲಿ ಬೆನ್ನು ಬಗ್ಗಿಸುತ್ತೇನೆ.

ಯಂತ್ರವನ್ನೂ ಸರಿಮಾಡಿದ್ದೇನೆ. ಈಗ ಹೆಸರು ಬರೆಯದಿದ್ದರೆ ಅದು 'ಊರಿಗೆಲ್ಲ ಕಳಿಸಲೇ?' ಎಂದು ಕೇಳುತ್ತದೆ. 'ಹೌದು' ಎಂದು ಬರೆಯದ ಹೊರತು ಕಳಿಸುವುದಿಲ್ಲ. ಮುಂದಿನ ಸಭೆಯಲ್ಲಿ ಈ ಸುಧಾರಣೆಯನ್ನು ಗಂಟಲು ಸರಿಪಡಿಸಿಕೊಂಡು ವಿವರಿಸಿದೆ. ಇನ್ನು ಮೇಲೆ ಮನೆಯ ಮಾತು ಮನೆಯಲ್ಲೇ ಉಳಿಯುತ್ತದೆ ಎಂದು ಎದೆ ತಟ್ಟಿ ಹೇಳಿದೆ.

ಆಗಲೇ ಸಭೆಯ ಫೋನುಗಳೆಲ್ಲ ಒಟ್ಟಿಗೆ ಟಿಂಗ್ ಅಂದವು. 'ರೀ, ಭಾಷಣ ಮುಗಿದಿದ್ರೆ ಮನೆಗೆ ಬನ್ನಿ. ಪಾತ್ರೆ ತೊಳೆಯೋದು ಬಿಟ್ಟು ಹೋಗಿದೀರಿ. ಇಂತಿ ಒತಿಲಿಯಾ.'

ಪಾಪ, ಹೆಸರು ಬರೆಯಲು ಮರೆತಿರಬೇಕು ಎಂದು ದೋನ್ ಮಾಕ್ಲೋವಿಯೊ ಸಮಾಧಾನ ಹೇಳಿದರು. ನಾನು ಮನೆಯ ದಾರಿ ಹಿಡಿದೆ. ಯಂತ್ರ ಅವಳನ್ನು ಕೇಳಿಯೇ ಕೇಳಿತ್ತು. ಅವಳು 'ಹೌದು' ಅಂದಿದ್ದಳು.