ಕಾಸದ ಹಾಲಿನ ಬೆಣ್ಣೆ

ಉತ್ಸಾಹ ಎಂಬುದು ನನಗೆ ಜ್ವರದ ಹಾಗೆ ಬರುತ್ತದೆ. ಬಂದದ್ದು ನನಗಾದರೂ ಪಥ್ಯ ಮಾತ್ರ ಮನೆಯವರಿಗೆಲ್ಲ. ಈ ಸಲ ಅದು ಬಂದದ್ದು ಹಸಿ ಆಹಾರದ ರೂಪದಲ್ಲಿ. ಶಹಾಪುರದ ಯೋಗ ಶಿಬಿರವೊಂದರಲ್ಲಿ ಯಾರೋ ‘ಬೆಂಕಿ ಕಂಡ ಆಹಾರ ಸತ್ತ ಆಹಾರ’ ಎಂದದ್ದೇ ತಡ, ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ತಟ್ಟದೆ ಏನು ಮಾಡಲಿ? ಕಾಲುವೆ ಬಂದು ನಮ್ಮ ಕಡೆಯೆಲ್ಲ ಭತ್ತವಾದ ಮೇಲೆ ಎರಡು ಹೊತ್ತೂ ಅನ್ನ ಉಂಡು ಉಂಡು, ಶಾಲೆಯಲ್ಲಿ ಕುರ್ಚಿಗೂ ಮೇಜಿಗೂ ನಡುವೆ ನನ್ನ ಹೊಟ್ಟೆ ಹಿಡಿಸದಂತಾಗಿತ್ತು. ಶಹಾಪುರದ ಡಾಕ್ಟರು ತೂಕ ಇಳಿಸಲೇಬೇಕು ಎಂದು ಗದರಿಸಿದ್ದರು. ಮರುದಿನವೇ ನನ್ನ ಪಾಲಿಗೆ ಒಲೆ ಆರಿತು.

ಸೌತೆಕಾಯಿ, ಗಜ್ಜರಿ, ಮೆಂತ್ಯೆ ಸೊಪ್ಪು, ಮೊಳಕೆ ಬಂದ ಹೆಸರು ಇವೆಲ್ಲ ಸಲೀಸಾಗಿಯೇ ಹೊಟ್ಟೆಗಿಳಿದವು. ಪೇಚಾಟಕ್ಕಿಟ್ಟುಕೊಂಡದ್ದು ಕೊಬ್ಬು. ಹಸಿ ತಿನ್ನುವವನಿಗೂ ಒಳ್ಳೆಯ ಕೊಬ್ಬು ಬೇಕೇ ಬೇಕು, ಅದೂ ಬೆಂಕಿ ಕಾಣದ್ದಾಗಿರಬೇಕು ಎಂದು ಶಿಬಿರದವರು ಒತ್ತಿ ಹೇಳಿದ್ದರು. ಇದನ್ನು ಹೆಂಡತಿಗೆ ವಿವರಿಸಿದರೆ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕೊಬ್ಬು ಬೇಕಂತ್ರೀ? ನಿಮಗ? ಇದ್ದದ್ದ ಸಾಲವಲ್ದೇನು?” ಎಂದಳು.

ಸಾಧಕರು ಇಂಥ ಮಾತಿಗೆಲ್ಲ ಕಿವಿಗೊಡಬಾರದು. ಹಸಿ ಶೇಂಗಾದಿಂದ ಶುರು ಮಾಡಿದೆ. ಅಂದು ನಾನು ಪಾಠ ಹೇಳುವಾಗ ನನ್ನ ಹೊಟ್ಟೆಯೂ ಗಟ್ಟಿಯಾಗಿ ಬೇರೆ ಪಾಠ ಹೇಳಿತು, ಮಕ್ಕಳು ಅದನ್ನೇ ಗಮನವಿಟ್ಟು ಕೇಳಿದರು. ಹುರಿಯದ ಅಗಸೆಯನ್ನು ಬಾಯಿಗೆ ಹಾಕಿಕೊಂಡರೆ ಲೋಳೆಯಾಗಿ ಅಂಗುಳಕ್ಕೆ ಮೆತ್ತಿಕೊಂಡಿತು. ಗುರೆಳ್ಳು ಹಲ್ಲಿನ ಸಂದಿಗಳಲ್ಲಿ ಕಪ್ಪಗೆ ಬಿಡಾರ ಹೂಡಿತು. ಗಾಣದ ಎಣ್ಣೆಯಾದರೂ ಆದೀತೆಂದು ಹೋಗಿ, ಗಾಣದಿಂದ ಆಗಷ್ಟೇ ತೆಗೆದ ಹಿಂಡಿಯನ್ನು ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಅನುಮಾನ ಬಂದು ಬಿಟ್ಟೆ. ಕುಸುಬಿ ನೆನೆಸಿ ರುಬ್ಬಿ ಹಾಲು ಹಿಂಡಿದರೆ ಅಮೃತ, ನಿಜ. ಆದರೆ ಕಾಲುವೆ ಬಂದ ಮೇಲೆ ನಮ್ಮ ಸುತ್ತ ಕುಸುಬಿ ಬಿತ್ತುವವರೇ ಇಲ್ಲ. ಮಳೆ ನಂಬಿದ ಬಳಿಚಕ್ರ ಎಂಬ ಹಳ್ಳಿಯಿಂದ ಹೇಳಿ ತರಿಸಿದ್ದನ್ನು ಹೆಂಡತಿ ಬೆಲ್ಲ ಹಾಕಿ ಹುಗ್ಗಿ ಬೇಯಿಸಿ, ಮಕ್ಕಳೊಂದಿಗೆ ನನ್ನೆದುರೇ ಕೂತು ಉಂಡಳು.

ಉಳಿದದ್ದು ಬೆಣ್ಣೆ. ಆಹಾ, ಬೆಣ್ಣೆ! ಆದರೆ ನಮ್ಮ ಮನೆಗಳಲ್ಲಿ ಹಾಲನ್ನು ಸಗಣಿ ಕುಳ್ಳಿನ ಉರಿಯಲ್ಲಿ ಕೆಂಪಗೆ ಕಾಸಿಯೇ ಹೆಪ್ಪು ಹಾಕುವುದು. ಅಂದಮೇಲೆ ಆ ಬೆಣ್ಣೆ ಹುಟ್ಟುವ ಮೊದಲೇ ಬೆಂಕಿ ಕಂಡದ್ದು. ಈ ಸಂಕಟವನ್ನು ಶಾಲೆಯಲ್ಲಿ ತೋಡಿಕೊಂಡಾಗ, ಹೊಸದಾಗಿ ವರ್ಗವಾಗಿ ಬಂದಿದ್ದ ಭೀಮರಾಯ ಮಾಸ್ತರ, “ನಮ್ಮವ್ವ ನಮ್ಮೂರು ಹತ್ತಿಕುಣ್ಯಾಗ ಎಮ್ಮಿ ಕಟ್ಯಾಳ್ರಿ. ಕಾಸದ ಹಾಲಿಗೇ ಹೆಪ್ಪು ಹಾಕು ಅಂತ ಹೇಳ್ತೀನಿ. ಐತಾರ ಬರ್ರಿ” ಎಂದ. ಅವನನ್ನು ಅಪ್ಪಿಕೊಳ್ಳುವುದೊಂದು ಬಾಕಿ!

ಭಾನುವಾರ ಹೋದೆ. ಗೋಡೆಯ ಮೇಲೆ ಬುದ್ಧನ ಪಟ, ಒಳಗೆ ಪಟಪಟ ರೊಟ್ಟಿ ಬಡಿಯುವ ಸದ್ದು. ಭೀಮರಾಯನ ತಾಯಿ ಮಲ್ಲಮ್ಮ, “ಬರ್ರಿ ಮಾಸ್ತರ, ಕೈಕಾಲು ತೊಳ್ಕೊಂಡು ಒಳಗ ಬರ್ರಿ, ಬಿಸಿ ರೊಟ್ಟಿ ಅದಾವು” ಎಂದು ಕರೆದಳು. ನಾನು ಕಟ್ಟೆಯ ಮೇಲೆಯೇ ಕೂತು ಉತ್ಸಾಹದಿಂದ, “ಬ್ಯಾಡ್ರಿ ಅವ್ವಾ! ನಾ ಬೇಯಿಸಿದ್ದು ಮುಟ್ಟೂದಿಲ್ಲ. ಬೆಣ್ಣಿ, ನಾಕು ಹಸಿ ಶೇಂಗಾ, ಒಂದು ಬಾಳಿಹಣ್ಣು ಇದ್ರ ಸಾಕು” ಎಂದೆ.

ಪಟಪಟ ನಿಂತಿತು. ಭೀಮರಾಯ ಅಂಗಳದ ಎಮ್ಮೆಯನ್ನು ನೋಡತೊಡಗಿದ. ನಾನು ಡಾಕ್ಟರ ಗದರಿಕೆ, ಒಳ್ಳೆಯ ಕೊಬ್ಬಿನ ಮಹಿಮೆ ಹೇಳುತ್ತಲೇ ಇದ್ದೆ. ಮಲ್ಲಮ್ಮ ಹಸಿ ಶೇಂಗಾ, ಬೆಣ್ಣೆ ತಂದು ನನ್ನ ಮುಂದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು:

“ನೀವು ಯಾದಗಿರಿ ಶೇಂಗಾ ಸಾವ್ಕಾರ್ರ ಮೊಮ್ಮಗ ಅಲ್ರಿ? ನಿಮ್ಮ ಮುತ್ಯಾನೂ ನಮ್ಮ ಕೇರಿಗೆ ಬಂದ್ರ ಇದ ಕಟ್ಟಿ ಮ್ಯಾಲ ಕುಂತು ಹಸಿ ಶೇಂಗಾ, ಬಾಳಿಹಣ್ಣು ಅಷ್ಟ ತಿಂದು ಹೋಗ್ತಿದ್ರು. ಒಲಿ ಮ್ಯಾಗಿಂದು ನೀರು ಸೈತ ಮುಟ್ಟತಿರ್ಲಿಲ್ಲ. ಅವ್ರಿಗೂ ಡಾಕ್ಟ್ರು ಹೇಳಿದ್ರೇನ್ರಿ?”

ಬಾಯಲ್ಲಿದ್ದ ಶೇಂಗಾ ಅಲ್ಲೇ ಉಳಿಯಿತು. ಭೀಮರಾಯ ಶಾಲೆಗೆ ಬರುವ ಹೊತ್ತಿಗಾಗಲೇ ನನ್ನ ವ್ರತ ಶುರುವಾಗಿತ್ತು. ದಿನವೂ ಅವನು ಡಬ್ಬಿ ಬಿಚ್ಚಿ ನನ್ನ ಕಡೆ ಸರಿಸುತ್ತಿದ್ದ, ನಾನು ದಿನವೂ ನಗುನಗುತ್ತ ಸೌತೆಕಾಯಿ ಕಡಿಯುತ್ತಿದ್ದೆ. ಇದನ್ನು ಅವನೂ ಮುತ್ಯಾನ ಮಡಿಯೆಂದೇ ತಿಳಿದಿದ್ದನೇ?

ಎದ್ದು ಕೈಕಾಲು ತೊಳೆದುಕೊಂಡು ಸೀದಾ ಒಳಗೆ ಹೋಗಿ ಒಲೆಯ ಮುಂದೆ ಕೂತೆ. “ಹಾಕ್ರಿ ಅವ್ವಾ ರೊಟ್ಟಿ.”

“ಮತ್ತ ಡಾಕ್ಟ್ರು?”

“ಅಂವ ಶಹಾಪುರದಾಗ ಅದಾನ್ರಿ.”

ಭೀಮರಾಯ ಗೊಳ್ಳೆಂದು ನಕ್ಕು ನನ್ನ ಮಗ್ಗುಲಿಗೇ ಬಂದು ಕೂತ. ಹೆಂಚಿನಿಂದಿಳಿದ ಜೋಳದ ರೊಟ್ಟಿಯ ಮೇಲೆ ಮಲ್ಲಮ್ಮ ಬೆಣ್ಣೆಯ ಮುದ್ದೆ ಇಟ್ಟಳು. ಅದು ಕರಗಿ ಹರಿದು ಅಂಚಿಗೆ ಬಂತು. ನಾನು ಅಷ್ಟು ದಿನ ಹುಡುಕಿದ ಶುದ್ಧ ಹಸಿ ಬೆಣ್ಣೆ ಕಣ್ಣೆದುರೇ ಬೆಂಕಿಯ ಪಾಲಾಗುತ್ತಿತ್ತು, ನನಗೋ ಆನಂದ ತಡೆಯಲಾಗುತ್ತಿರಲಿಲ್ಲ! ಎಣ್ಣೆಗಾಯಿ, ಪುಂಡಿಪಲ್ಯ, ಮತ್ತೆ ರೊಟ್ಟಿ, ಮತ್ತೆ ಬೆಣ್ಣೆ. ಮುತ್ಯಾ ಉಳಿಸಿಹೋದ ಬಾಕಿಯನ್ನೆಲ್ಲ ಒಂದೇ ಊಟದಲ್ಲಿ ತೀರಿಸಿಬಿಡುವ ಹುಮ್ಮಸ್ಸಿನಿಂದ ಉಂಡೆ.

ಆರನೆಯ ರೊಟ್ಟಿಗೆ ಕೈ ಚಾಚಿದಾಗ ಮಲ್ಲಮ್ಮ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. “ಸಾಕು ಏಳ್ರಿ ಮಾಸ್ತರ. ನೀವು ನಮ್ಮೋರು ಅನ್ನೂದು ಎರಡನೇ ರೊಟ್ಟಿಗೇ ಗೊತ್ತಾಗ್ಯದ. ಆಮ್ಯಾಲಿಂದೆಲ್ಲ ಬರೇ ಹೊಟ್ಟಿಬಾಕತನ.”

ನಾನೋ, ಐದನೆಯ ರೊಟ್ಟಿಯವರೆಗೂ ಸಮಾಜ ಸುಧಾರಣೆ ಮಾಡುತ್ತಿದ್ದೇನೆಂದೇ ತಿಳಿದಿದ್ದೆ.