ಎಂಟನೇ ತರಗತಿಗೆ ಹೇಳಿಕೆ

ನಮ್ಮ ಮೇಲ್ಬೈಲು ಶಾಲೆಯ ಅಭಿವೃದ್ಧಿ ಸಮಿತಿಗೆ ಅಧ್ಯಕ್ಷನಾದ ದಿನ ನಾನು ಮಾಡಿದ ಭಾಷಣದಲ್ಲಿ ಊರಿನ ಏಳಿಗೆ, ಮಕ್ಕಳ ಭವಿಷ್ಯ ಎಲ್ಲ ಬಂದಿತ್ತು. ಹೊಟ್ಟೆಕಿಚ್ಚು ಎಂಬ ಶಬ್ದ ಮಾತ್ರ ಬಂದಿರಲಿಲ್ಲ. ನಿಜವಾದ ಕಾರಣ ಅದೇ ಆಗಿತ್ತು!

ಹೊಳೆಯಾಚೆಯ ಶಾಲೆಗೆ ನನ್ನ ಷಡ್ಡಕ ಸುಧಾಕರ ಅಧ್ಯಕ್ಷನಾಗಿದ್ದ. ನನ್ನ ಹೆಂಡತಿ ಜಲಜೆಯ ಅಕ್ಕನ ಗಂಡ. ಮುಂಬೈಯಲ್ಲಿ ಹೋಟೆಲು ನಡೆಸಿ, ಊರಿಗೆ ಬಂದು ತಾರಸಿ ಮನೆ ಕಟ್ಟಿಸಿ, ಕಾರು ಕೊಂಡವ. ನಾನು ಕೊಕ್ಕರ್ಣೆ ರಸ್ತೆಯಲ್ಲಿ ಜಿನಸಿ ಅಂಗಡಿ ಇಟ್ಟವ. ಬೋರ್ಡಿನಲ್ಲಿ 'ರಘುರಾಮ ಸ್ಟೋರ್ಸ್' ಎಂದು ಕೆಂಪು ಬಣ್ಣದಲ್ಲಿ ದಪ್ಪಗೆ ಬರೆಸಿದ್ದೇನೆ. ಆದರೂ ಗಿರಾಕಿಗಳು ಆ ಬೋರ್ಡಿನ ಕೆಳಗೇ ನಿಂತು ಕೇಳುತ್ತಾರೆ: "ಹ್ವಾಯ್, ನೀವ್ ಸುಧಾಕರಣ್ಣನ ಷಡ್ಡಕ ಅಲ್ದಾ?"

ಒಂದಲ್ಲ ಒಂದು ದಿನ ಜನ ಅವನನ್ನು ನಿಲ್ಲಿಸಿ "ನೀವ್ ರಘುರಾಮಣ್ಣನ ಷಡ್ಡಕ ಅಲ್ದಾ?" ಎಂದು ಕೇಳಬೇಕು. ನನ್ನ ಬಾಳಿನ ಗುರಿ ಅಷ್ಟೇ.

ಅವಕಾಶ ತಾನಾಗಿ ಬಂತು. ಎರಡೂ ಶಾಲೆಗಳಲ್ಲಿ ಏಳನೆಯವರೆಗೆ ಇತ್ತು. ಈ ಎರಡರಲ್ಲಿ ಒಂದಕ್ಕೆ ಎಂಟನೇ ತರಗತಿ ಕೊಡುತ್ತೇವೆ, ಇನ್ನೊಂದರ ಆರು, ಏಳನ್ನೂ ಅಲ್ಲಿಗೇ ಸೇರಿಸುತ್ತೇವೆ ಎಂದು ಇಲಾಖೆಯವರು ಹೇಳಿದರು. ಅಂದರೆ ಸೋತ ಶಾಲೆ ಐದಕ್ಕೆ ನಿಲ್ಲುತ್ತದೆ. ನನ್ನ ಮಗಳು ಶ್ವೇತಾ ಆಗ ಏಳನೇ ತರಗತಿ. ಎಂಟನೇ ತರಗತಿ ಕೈತಪ್ಪಿದರೆ ಊರಿನ ದೊಡ್ಡ ಮಕ್ಕಳೆಲ್ಲ ಮಳೆಗಾಲದಲ್ಲಿ ಸಂಕದ ಕಾಲುಸೇತುವೆ ದಾಟಿ ಹೊಳೆಯಾಚೆ ಹೋಗಬೇಕು. ನಾನು ಪುಟ್ಟ ಶಾಲೆಯ ಅಧ್ಯಕ್ಷ, ಅವನು ದೊಡ್ಡ ಶಾಲೆಯ ಅಧ್ಯಕ್ಷ! ಇವುಗಳಲ್ಲಿ ಯಾವುದು ನನ್ನ ನಿದ್ದೆ ಕೆಡಿಸಿತು ಎಂದು ದಯವಿಟ್ಟು ಕೇಳಬೇಡಿ.

ಅಧಿಕಾರಿಗಳು ಒಂದೇ ದಿನ ಎರಡೂ ಶಾಲೆಗೆ ಬರುವುದೆಂದಾಯಿತು. ಬೆಳಿಗ್ಗೆ ಅಲ್ಲಿ, ಮಧ್ಯಾಹ್ನ ಇಲ್ಲಿ. ಪಾಲಕರ ಸಭೆ ಸೇರಬೇಕು, ತಮ್ಮೂರಿಗೆ ಎಂಟನೇ ತರಗತಿ ಬೇಕೆಂದು ಅವರೇ ಹೇಳಬೇಕು. ಯಾವ ಊರಿನವರಿಗೆ ಆಸಕ್ತಿ ಹೆಚ್ಚೋ ಆ ಊರಿಗೆ ತರಗತಿ.

ನಾನು ಸಮರೋಪಾದಿಯಲ್ಲಿ ಸಿದ್ಧನಾದೆ. ಗೋಡೆಗೆ ಸುಣ್ಣ, ಗೇಟಿಗೆ ಬಾಳೆಗಿಡದ ಕಮಾನು, ಶಾಮಿಯಾನ, ಬಾಡಿಗೆ ಕುರ್ಚಿ. ಗೋಳಿಬಜೆ ಮಾಡಲು ಅಡುಗೆಯ ಶೀನನಿಗೆ ಅಂಗಡಿಯಿಂದಲೇ ಫೋನು ಮಾಡಿ ಹೇಳಿದೆ. ಪಾಲಕರಿಗಾಗಿ ರಿಕ್ಷಾಕ್ಕೆ ಮೈಕು ಕಟ್ಟಿಸಿ ಊರಿಡೀ ಕೂಗಿಸಿದೆ.

ಜಲಜೆ ಕೇಳಿದಳು: "ಮನಿ ಮನಿಗ್ ಹೋಯ್ ಹೇಳಿಕಿ ಕೊಡ್ಲಿಲ್ಯಾ?"

ನಮ್ಮ ಕಡೆ ಹೇಳಿಕೆ ಎಂದರೆ ಸುಮ್ಮನೆ ಸುದ್ದಿ ಮುಟ್ಟಿಸುವುದಲ್ಲ. ಮನೆಗೆ ಹೋಗಿ, ಜಗಲಿ ಹತ್ತಿ ಕುಳಿತು, ಕೊಟ್ಟ ನೀರು ಬೆಲ್ಲ ತೆಗೆದುಕೊಂಡು, ಗಂಡ ಹೆಂಡತಿ ಇಬ್ಬರ ಎದುರೂ "ಎಲ್ಲರೂ ಬನ್ನಿ" ಎನ್ನಬೇಕು. ದಾರಿಯಲ್ಲಿ ಸಿಕ್ಕಾಗ ಹೇಳಿದ್ದು ಲೆಕ್ಕಕ್ಕಿಲ್ಲ. ಹಾಗೆ ಹೇಳಿಸಿಕೊಂಡವರು ಪಕ್ಕದ ಮನೆಯ ಮದುವೆಗೂ ಹೋಗುವುದಿಲ್ಲ.

"ಇದು ಮದುವೆಯಲ್ಲ, ಶಾಲೆ! ಅವರ ಮಕ್ಕಳ ಶಾಲೆಗೆ ಅವರಿಗೇ ಹೇಳಿಕೆ ಎಂತಕ್ಕೆ?" ಎಂದೆ.

"ಹಾಂಗಾರೆ ಒಂದ್ ಮನಿಗೂ ಹೋಪ್ದಿಲ್ಯಾ?"

"ಒಂದು ಮನೆಗೆ ಹೋಗುತ್ತೇನೆ" ಎಂದೆ.

ಆ ಮನೆ ಸುಧಾಕರನದು. ನನ್ನ ಕಮಾನನ್ನು, ಶಾಮಿಯಾನವನ್ನು ಅವನು ಕಣ್ಣಾರೆ ನೋಡಬೇಕಿತ್ತು. ಅವನ ಹೊಟ್ಟೆ ಉರಿಯುವುದನ್ನು ನಾನು ಕಣ್ಣಾರೆ ನೋಡಬೇಕಿತ್ತು! ಇಸ್ತ್ರಿ ಮಾಡಿದ ಪಂಚೆ ಉಟ್ಟು ಹೋದೆ. ಅವನ ಸೋಫಾದಲ್ಲಿ ಕುಳಿತು, ಬೆಲ್ಲ ಕಚ್ಚಿ, ನೀರು ಕುಡಿದು, ಭಾವ ಅತ್ತಿಗೆ ಇಬ್ಬರ ಎದುರೂ ಸಾಂಗವಾಗಿ ಹೇಳಿದೆ: "ಮನೆಯವರೆಲ್ಲ ಬನ್ನಿ. ಊರವರನ್ನೂ ಕರೆದುಕೊಂಡು ಬನ್ನಿ." ಹಾಗೆ ಹೇಳುವುದು ವಾಡಿಕೆ. ಯಾರೂ ಅದನ್ನು ಅಕ್ಷರಶಃ ತೆಗೆದುಕೊಳ್ಳುವುದಿಲ್ಲ.

ಸುಧಾಕರನ ಕಣ್ಣು ತುಂಬಿತು. "ಅರೆ ಭಾಯ್, ಇಷ್ಟ್ ಮರ್ಯಾದಿ ಮಾಡಿ ಯಾರ್ ಹೇಳ್ತ್ರ್ ಈಗಿನ ಕಾಲ್ದಗೆ! ಬತ್ತೆ ಮಾರಾಯ, ಎಲ್ಲರ್ನೂ ಕರ್ಕಂಡೇ ಬತ್ತೆ."

ಆ ದಿನ ಬಂತು. ಅಧಿಕಾರಿಗಳು ಧಾರವಾಡದ ಕಡೆಯವರು. ಕಮಾನಿನಡಿ ಇಳಿದು, ಶಾಮಿಯಾನದೊಳಗೆ ಬಂದು, ಖಾಲಿ ಕುರ್ಚಿಗಳನ್ನು ನೋಡಿದರು.

"ಅಧ್ಯಕ್ಷರ, ಪಾಲಕರು ಎಲ್ಲಿ ಅದಾರ್ರೀ?"

"ಬರ್ತಾ ಇದ್ದಾರೆ ಸರ್. ನಮ್ಮವರಿಗೆ ಊಟ ಸ್ವಲ್ಪ ತಡ" ಎಂದೆ.

ಊಟವೂ ಆಗಿತ್ತು, ಎಲೆಯಡಿಕೆಯೂ ಆಗಿತ್ತು. ಶಾಲೆಯ ಬೇಲಿಯ ಆಚೆ ಗಿರಿಜಕ್ಕ ಅಂಗಳದಲ್ಲಿ ಒಣಮೀನು ಮಗುಚುತ್ತ ನಮ್ಮನ್ನೇ ನೋಡುತ್ತಿದ್ದಳು. ಅವಳ ಮಕ್ಕಳಿಬ್ಬರೂ ನಮ್ಮ ಶಾಲೆಯವರೇ. ನಾನು ಬೇಲಿಯ ಹತ್ತಿರ ಓಡಿದೆ.

"ಗಿರಿಜಕ್ಕ, ಬನ್ನಿ ಮಾರಾಯ್ರೆ! ಎಂಟನೇ ತರಗತಿ ಬೇಡವಾ?"

"ಬೇಕಲೆ. ಬ್ಯಾಡ ಅಂದೋರ್ ಯಾರ್? ಆರೆ ಹೇಳಿಕಿ ಇಲ್ದೆ ಬಪ್ಪುದ್ ಹ್ಯಾಂಗೆ?"

"ರಿಕ್ಷಾದಲ್ಲಿ ಕೂಗಿಸಿದ್ದೆನಲ್ಲ!"

"ಲಾಟ್ರಿಯೋರೂ ಹಾಂಗೇ ಕೂಗ್ತ್ರ್. ಅದ್ಕೆಲ್ಲ ನಾವ್ ಹೋಪ್ದಾ? ನಿಮ್ ಷಡ್ಡಕರ ಮನಿಗ್ ಇಸ್ತ್ರಿ ಪಂಚಿ ಉಟ್ಕಂಡ್ ಹೋಯ್ ಹೇಳಿಕಿ ಕೊಟ್ರಿ ಅಂಬ್ರ್. ನಮ್ ಮನಿ ದಾರಿ ನಿಮ್ಗ್ ಗೊತ್ತಿಲ್ಯಾ?"

ವಿಷಯ ಊರಿಡೀ ಹಬ್ಬಿತ್ತು! ನಾನು ಬೇಲಿ ಹಾರಿದೆ. ಪಂಚೆ ಬೇಲಿಗೆ ಸಿಕ್ಕಿ ಅರ್ಧ ಹರಿಯಿತು. ಹರಿದದ್ದನ್ನು ಕೈಯಲ್ಲಿ ಹಿಡಿದುಕೊಂಡೇ ಜಗಲಿ ಹತ್ತಿ ಕುಳಿತು, "ಈಗ ಹೇಳಿಕೆ ಕೊಡುತ್ತೇನೆ. ಎಲ್ಲರೂ ಬನ್ನಿ" ಎಂದೆ. ಗಿರಿಜಕ್ಕ ನೀರು ಬೆಲ್ಲ ತಂದಿಟ್ಟಳು. ಆಮೇಲೆ ಶಾಂತವಾಗಿ ಹೇಳಿದಳು: "ನಮ್ ಗಂಡಸ್ರ್ ಮನಿಯಗ್ ಇಲ್ಲೆ. ಸಂಜಿಗ್ ಬನ್ನಿ, ಅವ್ರ್ ಎದ್ರಿಗೇ ಹೇಳ್ಲಕ್."

ಪಕ್ಕದ ಮನೆಗೆ ಓಡಿದೆ. ಅಲ್ಲಿ ಗಂಡಸರಿದ್ದರು. ಆದರೆ ಬಡಿಸುವ ಹೊತ್ತಿಗೆ ಹೇಳಿಕೆಯೇ ಎಂಬಂತೆ ಮುಖ ತಿರುಗಿಸಿದರು.

ಅಷ್ಟರಲ್ಲಿ ರಸ್ತೆಯಲ್ಲಿ ಹಾರನ್ನು ಕೇಳಿತು. ಓಡಿ ಬಂದು ನೋಡುತ್ತೇನೆ: ಮುಂದೆ ಸುಧಾಕರನ ಕಾರು, ಹಿಂದೆ ಟೆಂಪೋಗಳ ಸಾಲು, ತುಂಬ ಜನ! ಹೆಂಗಸರು ಹೂವು ಮುಡಿದಿದ್ದರು. ಮುದುಕರು ಶಾಲು ಹೊದ್ದಿದ್ದರು. ನೋಡನೋಡುತ್ತ ಕುರ್ಚಿಗಳು ತುಂಬಿ, ಉಳಿದವರು ಗೋಡೆಗೆ ಒರಗಿ ನಿಂತರು. ದೇವರು ಕಣ್ಣು ಬಿಟ್ಟ ಎಂದುಕೊಂಡೆ. ಏನೂ ಯೋಚಿಸದೆ ಅಧಿಕಾರಿಗಳ ಬಳಿ ಓಡಿ ಒದರಿದೆ:

"ನಮ್ಮ ಪಾಲಕರು ಬಂದರು ಸರ್!"

ಅವರು ಕನ್ನಡಕ ಹಾಕಿಕೊಂಡು ಸಭೆಯನ್ನು ನಿಧಾನವಾಗಿ ನೋಡಿದರು. "ಇವರನ್ನ ಮುಂಜಾನೆ ಆ ಸಾಲ್ಯಾಗ ನೋಡೀನಲ್ರೀ?"

ಸುಧಾಕರ ಎದ್ದು ಕೈಮುಗಿದ. "ಹೌದ್ ಸರ್. ನಾವ್ ಹೊಳಿಯಾಚಿಯೋರ್. ಇಲ್ಲಿಗ್ ಹೇಳಿಕಿ ಇದ್ದಿತ್, ಅದ್ಕೆ ಬಂದದ್."

"ಮತ್ತ ಎಂಟನೇ ತರಗತಿ ಎಲ್ಲಿ ಬೇಕ್ರೀ ನಿಮಗ?"

"ನಮ್ಮೂರಗೇ ಸರ್!" ಎಂದು ಇಡೀ ಶಾಮಿಯಾನ ಒಂದೇ ದನಿಯಲ್ಲಿ ಕೂಗಿತು. ನನ್ನ ಮೈಕಿನಲ್ಲಿ ಅದು ಕೊಕ್ಕರ್ಣೆಗೂ ಕೇಳಿಸಿರಬೇಕು.

ಅಧಿಕಾರಿಗಳು ಮೆಚ್ಚಿ ತಲೆದೂಗಿದರು. "ಒಂದ ದಿನದಾಗ ಎರಡ ಸಭಾಕ್ಕ ಬಂದಾರ. ಆಸಕ್ತಿ ಅಂದ್ರ ಇದು ನೋಡ್ರಿ, ಅಧ್ಯಕ್ಷರ!"

ಗೋಳಿಬಜೆಯನ್ನೂ ಹೊಳೆಯಾಚೆಯವರೇ ತಿಂದು ಮುಗಿಸಿದರು. ಹೊರಡುವಾಗ ಸುಧಾಕರ ನನ್ನ ಹೆಗಲು ತಟ್ಟಿದ. "ಕಮಾನ್ ಲಾಯ್ಕ್ ಆಯ್ತ್ ಮಾರಾಯ. ಬಜಿ ಒಂಚೂರ್ ಗಟ್ಟಿ." ಅವನ ಮುಖದಲ್ಲಿ ಹೊಟ್ಟೆಕಿಚ್ಚು ಹುಡುಕಿದೆ. ಇರಲಿಲ್ಲ. ಅದಕ್ಕೇ ನನಗೆ ಇನ್ನೂ ಉರಿಯಿತು!

ಎಂಟನೇ ತರಗತಿ ಹೊಳೆಯಾಚೆ ಹೋಯಿತು. ನಮ್ಮ ಶಾಲೆ ಐದಕ್ಕೆ ನಿಂತಿತು. ಉದ್ಘಾಟನೆಗೆ ಸುಧಾಕರ ನಮ್ಮ ಊರಿನ ಮನೆ ಮನೆಯ ಜಗಲಿ ಹತ್ತಿ ಹೇಳಿಕೆ ಕೊಟ್ಟ. ಗಿರಿಜಕ್ಕನ ಮನೆಗೆ ಅವಳ ಗಂಡ ಇರುವ ಹೊತ್ತು ನೋಡಿಕೊಂಡು ಹೋದನಂತೆ. ನಮ್ಮ ಮನೆಗೂ ಬಂದ. ನಾನು ಹೋಗುವುದಿಲ್ಲ ಎಂದು ಹಟ ಹಿಡಿದೆ.

"ಇಬ್ರ್ ಎದ್ರಿಗೂ ಹೇಳಿಕಿ ಆಯ್ತಲೆ. ಹೋಗ್ದಿರೆ ಆತ್ತಾ?" ಎಂದಳು ಜಲಜೆ. "ಮಗ್ಳ್ ದಿನಾ ಹೋಪು ಶಾಲಿ ಅದ್."

ಹೋದೆವು. ಸಂಕ ದಾಟುವಾಗ ನೋಡುತ್ತೇನೆ, ನಮ್ಮ ಊರಿಗೆ ಊರೇ ಮುಂದೆ ಹೋಗುತ್ತಿತ್ತು. ನನ್ನ ಸಭೆಗೆ ಬಾರದ ಒಂದೊಂದು ತಲೆಯನ್ನೂ ನಾನು ಹಿಂದಿನಿಂದ ಗುರುತಿಸಿದೆ. ವೇದಿಕೆಯಲ್ಲಿ ನನ್ನನ್ನೂ ಕೂರಿಸಿದರು. ಸ್ವಾಗತಿಸಿದ ಮಾಸ್ತರರು ಮೈಕಿನಲ್ಲಿ ಹೇಳಿದರು: "ನಮ್ಮ ಅಧ್ಯಕ್ಷರಾದ ಸುಧಾಕರರ ಷಡ್ಡಕರಿಗೂ ಸ್ವಾಗತ." ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನನ್ನ ಮಗಳು.

ಕೊನೆಯಲ್ಲಿ ಗೋಳಿಬಜೆ ಬಂತು. ಹತ್ತಿಯ ಹಾಗೆ ಮೆತ್ತಗೆ. ಬಡಿಸುತ್ತಿದ್ದವನು ನಮ್ಮ ಶೀನನೇ!

"ಏಯ್ ಶೀನ, ನಮ್ಮಲ್ಲಿ ಮಾಡಿದ್ದು ಯಾಕೆ ಹೀಗಿರಲಿಲ್ಲ?" ಎಂದು ಮೆಲ್ಲಗೆ ಕೇಳಿದೆ.

ಶೀನ ಇನ್ನೊಂದು ಬಜೆ ನನ್ನ ಎಲೆಗೆ ಹಾಕಿದ. "ನೀವ್ ಫೋನ್ ಮಾಡಿ ಹೇಳಿದ್ರಿ. ಸುಧಾಕರಣ್ಣ ಮನಿಗ್ ಬಂದ್ ಹೇಳಿದ್ರ್."

ಬಜೆ ಬಹಳ ರುಚಿಯಾಗಿತ್ತು. ಹೊಟ್ಟೆ ಉರಿಯುತ್ತಿದ್ದರೂ ಇನ್ನೆರಡು ಹಾಕಿಸಿಕೊಂಡೆ.