ಎರಡು ಗುಣ, ಒಂದು ದೋಷ

ಮೇಷ್ಟ್ರಾದವನಿಗೆ ನಗುವಿಗೆ ಬರಗಾಲವಿಲ್ಲ. ನಾವು ಕಲಿಸುವುದೊಂದು, ಹುಡುಗರು ಕಲಿಯುವುದು ಇನ್ನೊಂದು. ದಿನಾ ಏನಾದರೊಂದು ಆಗುತ್ತಲೇ ಇರುತ್ತದೆ. ಮೂವತ್ತರ ದಶಕದ ಕೊನೆಯಲ್ಲಿ, ತೆಲುಗು ಗಡಿಯ ರಾಯಲ್ಪಾಡಿನ ಆಚೆಯ ಒಂದು ಹಳ್ಳಿಗೆ ಹಂಗಾಮಿ ಮೇಷ್ಟ್ರಾಗಿ ಹೋದೆ. ಇನ್‌ಸ್ಪೆಕ್ಟರು ಬಂದು ನೋಡಿ ಮೆಚ್ಚಿದರೆ ಕೆಲಸ ಖಾಯಂ. ಖಾಯಂ ಆದರೆ ಮಾಲೂರಿನವರು ಹೆಣ್ಣು ಕೊಡುತ್ತಾರೆ. ಇಲ್ಲದಿದ್ದರೆ ಕೆಲಸವೂ ಇಲ್ಲ, ಮದುವೆಯೂ ಇಲ್ಲ, ನಾನು ಬೇಯಿಸಿದ ಅನ್ನ ನನಗೇ ಗತಿ.

ತಾತನನ್ನು ಒದ್ದ ಹಸು

ಒಳ್ಳೆಯ ಬರವಣಿಗೆ ಹೇಗಿರುತ್ತದೆಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಕೊನೆಗೆ ಒಬ್ಬ ಹುಡುಗ ತಮ್ಮ ಮನೆಯ ಹಸುವಿನ ಮೇಲೆ ಬರೆದ ಪ್ರಬಂಧವನ್ನು ಗೋಡೆಗೆ ಅಂಟಿಸಿದೆ. ಆ ಹಸುವಿಗೆ ಒಂದು ಕೊಂಬು ಮುರಿದಿತ್ತು, ಅದು ಅವನ ತಾತನನ್ನು ಒದ್ದಿತ್ತು.

"ನೋಡ್ರೋ, ಒಳ್ಳೇ ಕೆಲಸ ಅಂದ್ರೆ ಇದು. ಹಿಂಗೆ ಬರೀರಿ" ಎಂದೆ.

ಮಾರನೆಯ ದಿನ ಊರಿನ ಹಸುಗಳಿಗೆಲ್ಲ ಒಂದೊಂದು ಕೊಂಬು ಮುರಿದಿತ್ತು. ತಾತಂದಿರೆಲ್ಲ ಒದೆ ತಿಂದಿದ್ದರು. ಮುಂದಿನ ಬೆಂಚಿನ ಹುಡುಗನೊಬ್ಬನನ್ನು ಎಬ್ಬಿಸಿ ನಿಲ್ಲಿಸಿದೆ. ಇವನನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ನನ್ನ ಹಣೆಬರಹ ಇವನ ಬಾಯಲ್ಲಿತ್ತು.

"ಲೇ, ನೀನು ಹುಟ್ಟೋಕೆ ಮುಂಚೇನೇ ನಿಮ್ ತಾತ ಹೋಗ್ಬಿಟ್ರಲ್ಲೋ. ಅವ್ರನ್ನ ಹಸು ಹೆಂಗೋ ಒದೀತು?"

"ಅದು ಒದ್ದಿದ್ದಕ್ಕೇ ಹೋಗಿದ್ದು ಸಾ."

ಮುದ್ದೆಯ ಪರೀಕ್ಷೆ

ನಕಲಿನ ಸಹವಾಸ ಸಾಕೆಂದು ಬೇರೆ ದಾರಿ ಹಿಡಿದೆ. ಒಬ್ಬನ ಸ್ಲೇಟನ್ನು ಇನ್ನೊಬ್ಬ ನೋಡಬೇಕು. ಮೊದಲು ಎರಡು ಗುಣ ಹೇಳಬೇಕು, ಆಮೇಲೆ ಒಂದು ದೋಷ. ಬರೆದವನು ಅದನ್ನು ತಿದ್ದಿ ಬರೆಯಬೇಕು. ಚೆನ್ನಾಗಿ ಬಂದರೆ ಹಾಳೆಯ ಮೇಲೆ ಬರೆಸಿ ಗೋಡೆಗೆ ಹಾಕುತ್ತೇನೆ. ಹುಡುಗರಿಗೆ ಈ ಆಟ ಬಹಳ ಹಿಡಿಸಿತು.

ಒಂದು ಮಧ್ಯಾಹ್ನ ಅದೇ ಮುಂದಿನ ಬೆಂಚಿನವನನ್ನು ಅವನ ತಾಯಿ ಕಿವಿ ಹಿಡಿದು ಎಳೆದು ತಂದಳು.

"ಏನ್ ಸಾಮಿ, ಇದೇನಾ ನೀವು ಕಲಿಸೋದು? ಮುದ್ದೆ ಇಟ್ರೆ 'ದುಂಡಗೈತೆ, ಬಿಸಿಯಾಗೈತೆ, ಒಳಗೆ ಗಂಟೈತೆ, ಇನ್ನೊಂದ್ಸಲ ಮಾಡು' ಅಂತಾನೆ! ಇವತ್ತು ನೀವೇ ಹಾಕಿ ಊಟ!"

ವಿಧಿಯಿಲ್ಲದೆ ಅವನನ್ನು ನನ್ನ ಕೋಣೆಗೆ ಕರೆದೊಯ್ದು ಅನ್ನ, ಸಾರು ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟವನು ಮಾತಾಡದೆ ಕೂತುಬಿಟ್ಟ.

"ಯಾಕೋ ಸುಮ್ನಿದೀಯ?"

"ಎರಡು ಗುಣ ಹುಡುಕ್ತಾ ಇದೀನಿ ಸಾ."

ಸಾಹೇಬರ ಕೈಬರಹ

ಇನ್‌ಸ್ಪೆಕ್ಟರು ಬಂದೇಬಿಟ್ಟರು. ಕೋಟು, ರುಮಾಲು, ಮೂಗಿನ ತುದಿಯಲ್ಲೇ ಕೋಪ. ಸ್ಲೇಟುಗಳನ್ನೆಲ್ಲ ನೋಡಿ "ಊಂ" ಅಂದರು. ಆಮೇಲೆ "ಅಕ್ಷರ ಅಂದ್ರೆ ಹೇಗಿರಬೇಕು, ನೋಡ್ರೋ" ಎಂದು ಸೀಮೆಸುಣ್ಣ ಎತ್ತಿಕೊಂಡು 'ಯಾವಾಗಲೂ ಸತ್ಯವನ್ನೇ ಹೇಳಬೇಕು' ಎಂದು ಬೋರ್ಡಿನ ಮೇಲೆ ಬರೆದರು.

"ಹೇಗಿದೆ?"

ಅವರ ಬೆನ್ನ ಹಿಂದೆ ನಿಂತು ಬೇಡ ಬೇಡ ಎಂದು ಕೈಯಾಡಿಸಿದೆ. ಅಷ್ಟರಲ್ಲಿ ಮುಂದಿನ ಬೆಂಚಿನವನು ಎದ್ದಾಗಿತ್ತು.

"ದಪ್ಪಗೈತೆ ಸಾ. ದೂರಕ್ಕೂ ಕಾಣ್ತದೆ. ಆದ್ರೆ ಸಾಲು ಬೆಟ್ಟ ಹತ್ಬಿಟ್ಟೈತೆ."

ನನ್ನ ಕಣ್ಣ ಮುಂದೆಯೇ ಮಾಲೂರಿನ ಹುಡುಗಿಗೆ ಬೇರೆ ಯಾರೋ ತಾಳಿ ಕಟ್ಟಿದರು. ಸಾಹೇಬರು ಹುಡುಗನನ್ನು ದುರುಗುಟ್ಟಿ ನೋಡಿದರು, ಬೋರ್ಡನ್ನು ನೋಡಿದರು. ಸತ್ಯ ಹೇಳಬೇಕೆಂದು ಈಗಷ್ಟೇ ಬರೆದವರು ಬಯ್ಯುವುದಾದರೂ ಹೇಗೆ? ಒರೆಸಿ ಮತ್ತೆ ಬರೆದರು.

"ಈಗ?"

"ಈಗ ಇಳೀತಾ ಐತೆ ಸಾ."

ಸಾಹೇಬರು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ಉಸಿರು ಬಿಗಿಹಿಡಿದು ಮೂರನೆಯ ಸಲ ಬರೆದರು. ಹುಡುಗ ಒಂದು ಕಣ್ಣು ಮುಚ್ಚಿ ಸಾಲಿನ ಉದ್ದಕ್ಕೂ ನೋಡಿದ. ಅವನಿಗೆ ಸಂತೋಷವಾದರೆ ತೆಲುಗೇ ಬರುವುದು.

"ಬಾಗುಂದಿ ಸಾ! ಹಾಳೆ ಮೇಲೆ ಬರೆದ್ರೆ ಮೇಷ್ಟ್ರು ಗೋಡೆಗೆ ಹಾಕ್ತಾರೆ."

ಸಾಹೇಬರು ನನ್ನನ್ನು ಜಗಲಿಗೆ ಕರೆದರು. ಗಂಟುಮೂಟೆ ಕಟ್ಟು ಅನ್ನುತ್ತಾರೆಂದು ತಲೆ ತಗ್ಗಿಸಿ ನಿಂತೆ.

"ನಿಮ್ಮ ಕೆಲಸ ಖಾಯಂ ಮಾಡೋಕೆ ಬರೀತೀನಿ" ಎಂದವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಅದಿರಲಿ, ಒಂದು ಹಾಳೆ ಇದೆಯೇನ್ರೀ?"